ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ

ಡಿಸೆಂಬರ್ ಕೊನೆಗೆ ಬೀದರ್ ಜಿಲ್ಲೆಯಲ್ಲಿ ರಾತ್ರಿಯ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಹೊಸದೇನಲ್ಲ. ರಾಜ್ಯದ ಅತಿ ಕಡಿಮೆ ಉಷ್ಣಾಂಶ ಎಂದು ಪತ್ರಿಕೆಗಳು ಅಚ್ಚು ಹಾಕುವ ಊರುಗಳಲ್ಲಿ ಬೀದರಿನ ಹೆಸರು ಆಗಾಗ ಬರುತ್ತದೆ. ಔರಾದ್ ಕಡೆಯ ಡಾಬಕಾದಂಥ ಊರಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರದ ಬಯಲು ಸೀಮೆಯಲ್ಲಿ, ಆ ಥಂಡಿಗೆ ಅಡ್ಡ ನಿಲ್ಲುವುದು ಏನೂ ಇಲ್ಲ. ಅಂಥ ಬೆಳಗ್ಗೆ ಅಂಗಳದಲ್ಲಿ ನಿಂತ ಇಪ್ಪತ್ತು ವರ್ಷದ ಹಳೆಯ ಪೆಟ್ರೋಲ್ ಕಾರಿನ ಚಾವಿ ತಿರುಗಿಸಿದರೆ ಎರಡು ಬಗೆಯ ಸದ್ದು ಕೇಳಬಹುದು. ಒಂದು, ಸೆಲ್ಫ್ ಎಳೆದೆಳೆದು, ಒಂದೊಂದು ಸುತ್ತಿಗೂ ಏದುಸಿರು ಬಿಟ್ಟು ತಿರುಗುವ ಸದ್ದು. ಇನ್ನೊಂದು, ಸೆಲ್ಫ್ ಚುರುಕಾಗಿಯೇ ತಿರುಗುತ್ತಿರುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಐದಾರು ಸೆಕೆಂಡ್ ಸತಾಯಿಸಿ ಆಮೇಲೆ ಹಿಡಿಯುತ್ತದೆ.

ಮಾಲೀಕರ ಬಾಯಲ್ಲಿ ಎರಡಕ್ಕೂ ಒಂದೇ ದೂರು: 'ಗಾಡಿ ಲೇಟ್ ಶುರು ಆಗ್ಲತದ.' ಆದರೆ ಇವು ಎರಡು ಬೇರೆ ಬೇರೆ ಕಾಯಿಲೆಗಳು. ಮೊದಲನೆಯದರಲ್ಲಿ ಇಂಜಿನ್ ತಿರುಗಿಸುವ ಶಕ್ತಿಯೇ ಸಾಲುತ್ತಿಲ್ಲ. ಎರಡನೆಯದರಲ್ಲಿ ಶಕ್ತಿ ಇದೆ. ಪೆಟ್ರೋಲು, ಗಾಳಿ, ಕಿಡಿ ಈ ಮೂರರಲ್ಲಿ ಒಂದು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ಬಾನೆಟ್ ಎತ್ತುವ ಮೊದಲೇ ಕಿವಿ ಇಷ್ಟನ್ನು ಹೇಳಿಬಿಡುತ್ತದೆ. ಡಾಬಕಾದವರು ಬಿಡಿಭಾಗ ಬೇಕೆಂದರೆ ಔರಾದಿಗೋ ಉದಗೀರಕ್ಕೋ ಬೀದರಿಗೋ ಹೋಗಿಬರಬೇಕು. ತಪ್ಪು ಸಾಮಾನು ತಂದರೆ ದುಡ್ಡಿನ ಜೊತೆ ಒಂದು ದಿನವೂ ಹೋಯಿತು. ಆದ್ದರಿಂದ ಅಲ್ಲಿ ಅಳತೆಯ ಬೆಲೆ ಬೆಂಗಳೂರಿಗಿಂತ ಹೆಚ್ಚು.

ಜಿಲ್ಲೆಯಲ್ಲಿ ಕೆಎ-38, ಕೆಎ-39 ಫಲಕ ಹೊತ್ತು ಇನ್ನೂ ಓಡುತ್ತಿರುವ ಇಂಥ ಕಾರುಗಳ ಹುಟ್ಟಿನ ಹಿಂದೆ ಒಂದು ಮೊಕದ್ದಮೆ ಇದೆ. ದೆಹಲಿಯ ಹೊಗೆಯ ಪ್ರಕರಣದಲ್ಲಿ 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ರಾಜಧಾನಿ ಪ್ರದೇಶಕ್ಕೆ ಕಟ್ಟುನಿಟ್ಟಾದ ಹೊಗೆ ಮಿತಿ ತಂದಿತು. ಕಾರ್ಬ್ಯುರೇಟರ್ ಇಟ್ಟುಕೊಂಡು ಆ ಮಿತಿಯೊಳಗೆ ನಿಲ್ಲುವುದು ಕಷ್ಟವಾಯಿತು. 1983ರಿಂದ ಕಾರ್ಬ್ಯುರೇಟರ್ ಹೊತ್ತು ಬಂದಿದ್ದ ಮಾರುತಿ 800 ಕೂಡ 2000ದ ಹೊತ್ತಿಗೆ ಎಂಪಿಎಫ್‌ಐ ಆಯಿತು, ಅಂದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್. 2005ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-2 ಹೊಗೆ ಮಿತಿ ಇಡೀ ದೇಶಕ್ಕೆ ಅನ್ವಯವಾದ ಮೇಲೆ ಗಡಿಜಿಲ್ಲೆಯ ಶೋರೂಮಿನಲ್ಲೂ ಚೋಕ್ ಗುಂಡಿಯಿರುವ ಹೊಸ ಕಾರು ಅಪರೂಪವಾಯಿತು. ಚಳಿಯಲ್ಲಿ ಎಷ್ಟು ಪೆಟ್ರೋಲು ಬೇಕೆಂದು ಚೋಕ್ ಎಳೆದು ತೀರ್ಮಾನಿಸುತ್ತಿದ್ದ ಕೈಯ ಕೆಲಸವನ್ನು ಒಂದು ಪುಟ್ಟ ಸೆನ್ಸರ್ ಮತ್ತು ಒಂದು ಕಂಪ್ಯೂಟರ್ ವಹಿಸಿಕೊಂಡವು. ಕಂಪ್ಯೂಟರಿಗೆ ಗ್ಯಾರೇಜಿನವರು ಇಸಿಯು, ಇಸಿಎಂ ಎನ್ನುತ್ತಾರೆ.

ಮೊದಲ ಸದ್ದಿನಿಂದ ಶುರು ಮಾಡೋಣ.

ಸೆಲ್ಫ್ ಎಂದು ಎಲ್ಲರೂ ಕರೆಯುವ ಸ್ಟಾರ್ಟರ್ ಮೋಟಾರು ಬಂದದ್ದು 1912ರ ಕ್ಯಾಡಿಲಾಕ್ ಕಾರಿನಲ್ಲಿ. ಅದನ್ನು ರೂಪಿಸಿದ ಚಾರ್ಲ್ಸ್ ಕೆಟರಿಂಗ್ ಅದಕ್ಕೂ ಮೊದಲು ಅಂಗಡಿಯ ಗಲ್ಲಾ ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದವರು. ಇಂಜಿನ್ ತಿರುಗಿಸುವಷ್ಟು ದೊಡ್ಡ ಮೋಟಾರು ಕಾರಿನಲ್ಲಿ ಹಿಡಿಸುವುದಿಲ್ಲ ಎಂದು ಇತರರು ಲೆಕ್ಕ ಹಾಕುತ್ತಿದ್ದರು. ಗಲ್ಲಾದ ಮೋಟಾರು ದಿನವಿಡೀ ತಿರುಗಬೇಕಿಲ್ಲ, ಕ್ಷಣಹೊತ್ತು ಜೋರಾಗಿ ತಿರುಗಿದರೆ ಸಾಕು ಎಂಬುದನ್ನು ಕೆಟರಿಂಗ್ ಕಂಡಿದ್ದರು. ಹಾಗೆ ಕೆಲವೇ ಸೆಕೆಂಡ್ ದುಡಿಯುವುದಾದರೆ ಚಿಕ್ಕ ಮೋಟಾರಿನ ಮೇಲೂ ಅದರ ತಾಕತ್ತಿಗೆ ಮೀರಿದ ಹೊರೆ ಹೊರಿಸಬಹುದು. ಇವತ್ತಿಗೂ ಸೆಲ್ಫ್ ಬದುಕಿರುವುದು ಈ ಕರಾರಿನ ಮೇಲೆ. ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ನಡುವೆ ಬಿಡುವು ಕೊಡಿ ಎನ್ನುವುದು ಬರೀ ಬುದ್ಧಿಮಾತಲ್ಲ, ಮೋಟಾರಿನ ಸುರುಳಿ ನಿಜಕ್ಕೂ ಸುಡುತ್ತದೆ.

ಸಣ್ಣ ಕಾರಿನ ಸೆಲ್ಫ್ ತಿರುಗುವಾಗ ಸುಮಾರು 100 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಭಾರೀ ಎನಿಸಿದರೂ ಬ್ಯಾಟರಿಗೆ ಇದು ದೊಡ್ಡ ಖರ್ಚಲ್ಲ. 150 ಆಂಪಿಯರಿನಂತೆ ಮೂರು ಸೆಕೆಂಡ್ ತಿರುಗಿದರೂ ಹೋದದ್ದು 0.125 ಆಂಪಿಯರ್-ಅವರ್, ಬ್ಯಾಟರಿಯ ಒಟ್ಟು ಶಕ್ತಿ 35 ಆಂಪಿಯರ್-ಅವರ್. ಹಾಗಿದ್ದರೆ ಬ್ಯಾಟರಿ ಇಳಿಯುವುದು ಎಲ್ಲಿ? ಬಹಳ ಸಲ, ಕಾರು ಸುಮ್ಮನೆ ನಿಂತಾಗ. ನೇರ ವೈರ್ ಎಳೆದು ಕೂರಿಸಿದ ಟೇಪು, ಅಲಾರಂ ಇವು 50 ಮಿಲಿಆಂಪಿಯರ್ ಕುಡಿಯುತ್ತಿದ್ದರೆ ದಿನಕ್ಕೆ 1.2, ಹತ್ತು ದಿನಕ್ಕೆ 12 ಆಂಪಿಯರ್-ಅವರ್. ಬ್ಯಾಟರಿಯ ಮೂರನೇ ಒಂದು ಪಾಲು ಕಾರು ಅಲುಗಾಡದೆ ಖಾಲಿ. ಮಗ ಹೈದರಾಬಾದಿಗೋ ಪುಣೆಗೋ ಹೋದ ಮೇಲೆ ಹಬ್ಬದಿಂದ ಹಬ್ಬಕ್ಕೆ ಹೊರಬರುವ ಕಾರುಗಳ ಕಥೆ ಇದೇ.

ಸೀಸ-ಆಮ್ಲದ ಬ್ಯಾಟರಿ 1859ರಲ್ಲಿ ಗಾಸ್ತೋಂ ಪ್ಲಾಂತೆ ಕಂಡುಹಿಡಿದದ್ದು. ಸೀಸದ ತಗಡಿನ ಮೇಲೆ ಸೀಸದ ಆಕ್ಸೈಡಿನ ಲೇಪ ಬಳಿಯುವ ಉಪಾಯ 1881ರದ್ದು. ಮೂಲ ರಸಾಯನ ಅಂದಿನಿಂದ ಬದಲಾಗಿಲ್ಲ. ಚಳಿಯಲ್ಲಿ ಅದರ ಕ್ರಿಯೆ ನಿಧಾನವಾಗುತ್ತದೆ, ಇಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫಿನ ಹೊರೆ ಹೆಚ್ಚುತ್ತದೆ. ಹಳೆಯ ಗಾಡಿಗೆಂದು 20ಡಬ್ಲ್ಯು-50ರಂಥ ದಪ್ಪ ಆಯಿಲ್ ಹಾಕಿಸಿದವರಿಗೆ ಇನ್ನೂ ಜಾಸ್ತಿ. ಆದರೂ 'ಥಂಡಿಗೆ ಬ್ಯಾಟರಿ ಕೂತಿತು' ಎಂಬ ಮಾತು ಅರ್ಧ ಮಾತ್ರ ನಿಜ. ಬ್ಯಾಟರಿಯ ಆಯುಷ್ಯ ತಿನ್ನುವುದು ಬಿಸಿಲು. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಒಳಗಿನ ತುಕ್ಕಿನ ವೇಗ ಹೆಚ್ಚುಕಡಿಮೆ ಇಮ್ಮಡಿಸುತ್ತದೆ, ನೀರೂ ಆವಿಯಾಗುತ್ತದೆ. ನಲವತ್ತು ದಾಟುವ ಬೀದರಿನ ಮೇ ತಿಂಗಳು ಬ್ಯಾಟರಿಯನ್ನು ಒಳಗೊಳಗೇ ಮುಗಿಸುತ್ತದೆ. ಡಿಸೆಂಬರ್ ಬಂದು ಆ ಸಾವನ್ನು ಊರಿಗೆ ಸಾರುತ್ತದೆ, ಅಷ್ಟೇ. ಕಡಿಮೆಯಾದ ನೀರಿಗೆ ಬೋರ್‌ವೆಲ್ ನೀರು ಸುರಿದರೆ ಅದರ ಲವಣಗಳು ಉಳಿದ ಕೆಲಸ ಪೂರೈಸುತ್ತವೆ. ಡಿಸ್ಟಿಲ್ಡ್ ವಾಟರಿನ ಡಬ್ಬಿ ಅಂಥ ದುಬಾರಿಯೇನಲ್ಲ.

ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿದರೆ ತುಂಬಿದೆ; 12.2 ತೋರಿದರೆ ಅರ್ಧ, 12.0ಕ್ಕೆ ಬಂದರೆ ಕಾಲುಭಾಗ. ಆದರೆ ನಿಂತ ಬ್ಯಾಟರಿಯ ಅಳತೆ ಪೂರ್ತಿ ಸತ್ಯ ಹೇಳುವುದಿಲ್ಲ. ಸೆಲ್ಫ್ ತಿರುಗುತ್ತಿರುವಾಗಿನ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ, ಇಲ್ಲವೇ ಒಳಗೆ ಹಿಡಿದುಕೊಂಡ ಸೆಲ್ಫಿನ ಮೇಲೆ ಅನುಮಾನಪಡಬೇಕು. ಮೀಟರ್ ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿ, ಎದುರಿನ ಗೋಡೆ ನೋಡುತ್ತ ಚಾವಿ ತಿರುಗಿಸಿ. ಬೆಳಕು ಪೂರಾ ಕುಗ್ಗಿದರೆ ಬ್ಯಾಟರಿಯ ಶಕ್ತಿ ಸಾಲುತ್ತಿಲ್ಲ ಅಥವಾ ಸೆಲ್ಫ್ ಮಿತಿ ಮೀರಿ ಎಳೆಯುತ್ತಿದೆ. ಬೆಳಕು ಹಾಗೇ ಇದ್ದು ಸೆಲ್ಫ್ ಎಳೆದಾಡಿದರೆ, ವಿದ್ಯುತ್ತು ಸೆಲ್ಫಿನವರೆಗೆ ತಲುಪುತ್ತಿಲ್ಲ.

ಈ 'ತಲುಪುತ್ತಿಲ್ಲ' ಎಂಬಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹಳೆಯ ಕಾರಿನ ಅತಿ ಸಾಮಾನ್ಯ ರೋಗ ಇದು, ಅತಿ ಕಡಿಮೆ ಮಂದಿ ಅಳೆಯುವುದೂ ಇದನ್ನೇ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಡಾಬಕಾದ ಒಬ್ಬ ಮೇಷ್ಟ್ರು, 2005ರ ಕಾರು, ಗ್ಯಾರೇಜು ಔರಾದಿನದು.

'ಬ್ಯಾಟ್ರಿ ಕೂತದ ಸರ್, ಹೊಸಾದ್ ಹಾಕ್ರಿ.'

'ಹೋದ್ ದೀಪಾಳಿಗೇ ಹಾಕ್ಸೀನಲ್ಲ ಭಾಯ್, ಇಷ್ಟ್ ಜಲ್ದಿ ಹ್ಯಾಂಗ್ ಕೂಡ್ತದ?'

ಇಬ್ಬರೂ ತಮ್ಮ ಮಟ್ಟಿಗೆ ಸರಿಯೇ. ಈಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟಕ್ಕೆ ಹಚ್ಚಿ. ಮೇಲಿನ ಕ್ಲ್ಯಾಂಪಿಗಲ್ಲ, ಸೀಸದ ಗೂಟಕ್ಕೇ. ಇನ್ನೊಂದನ್ನು ಇಂಜಿನ್ನಿನ ಮೈಯಲ್ಲಿ ಗ್ರೀಸು, ಬಣ್ಣ ಇಲ್ಲದ ಒಂದು ಹೊಳೆಯುವ ಬೋಲ್ಟಿಗೆ ಒತ್ತಿ ಹಿಡಿಯಿರಿ. ಪೆಟ್ರೋಲ್ ಪಂಪಿನ ಫ್ಯೂಸ್ ಮೊದಲೇ ತೆಗೆದಿಟ್ಟಿದ್ದರೆ ಇಂಜಿನ್ ಹಿಡಿಯುವುದಿಲ್ಲ, ಅಳೆಯಲು ಪುರುಸೊತ್ತು ಸಿಗುತ್ತದೆ. ಮೇಷ್ಟ್ರು ಚಾವಿ ತಿರುಗಿಸುತ್ತಾರೆ. ಒಂದೇ ಲೋಹದ ಹಾದಿಯ ಎರಡು ತುದಿಗಳ ನಡುವೆ ಮೀಟರ್ ಸೊನ್ನೆಯ ಹತ್ತಿರ ಇರಬೇಕು. 0.2 ವೋಲ್ಟಿನ ತನಕ ಒಪ್ಪಬಹುದು. ಅದು 1.3 ತೋರಿಸುತ್ತದೆ. ಪ್ಲಸ್ ಬದಿಯಲ್ಲಿ ಬ್ಯಾಟರಿಯ ಗೂಟದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ ಅಳೆದರೆ 0.4. ಬ್ಯಾಟರಿ ಕೊಡುತ್ತಿರುವುದು 10.8 ವೋಲ್ಟ್, ಸೆಲ್ಫಿಗೆ ಸಿಗುತ್ತಿರುವುದು 9.1. ಬ್ಯಾಟರಿಯದು ಏನೂ ತಪ್ಪಿಲ್ಲ. ಇಂಜಿನ್ನನ್ನು ಬಾಡಿಗೆ ಕಟ್ಟಿರುವ ಹೆಣೆದ ತಾಮ್ರದ ಅರ್ಥ್ ಪಟ್ಟಿ ಒಂದು ತುದಿಯಲ್ಲಿ ಹಸಿರುಗಟ್ಟಿದೆ, ಅರ್ಧ ಎಳೆಗಳು ಕಡಿದಿವೆ.

110 ಆಂಪಿಯರ್ ಹರಿಯುವಾಗ 1.3 ವೋಲ್ಟ್ ಕಳೆಯಬೇಕಾದರೆ ಆ ಜಾಗದ ರೋಧ ಒಂದು ಓಮಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 0.012 ಓಮ್. ಮಲ್ಟಿಮೀಟರನ್ನು ಓಮ್ ಬದಿಗೆ ತಿರುಗಿಸಿ ಅದೇ ಪಟ್ಟಿಯನ್ನು ಅಳೆದರೆ 'ಪೂರಾ ಸರಿ ಇದೆ' ಎಂದೇ ಹೇಳುತ್ತದೆ, ಏಕೆಂದರೆ ಮೀಟರಿನ ಸ್ವಂತ ವೈರುಗಳ ರೋಧವೇ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೊರೆ ಬಿದ್ದಾಗ ಮಾತ್ರ ಈ ರೋಗ ಕಾಣುತ್ತದೆ. ಅಲ್ಲಿ ವ್ಯರ್ಥವಾಗುವ ಶಕ್ತಿ 140 ವ್ಯಾಟಿಗಿಂತ ಹೆಚ್ಚು, ಎಲ್ಲವೂ ಶಾಖವಾಗಿ. ಹಾಗಾಗಿ ನಾಲ್ಕಾರು ಬಾರಿ ಸೆಲ್ಫ್ ಹೊಡೆದು, ಚಾವಿ ತೆಗೆದು, ಪಟ್ಟಿಯ ತುದಿಗಳನ್ನು ಹುಷಾರಾಗಿ ಮುಟ್ಟಿ ನೋಡುವ ಹಳೆಯ ಮಿಸ್ತ್ರಿಗಳ ಪದ್ಧತಿ ಭೌತಶಾಸ್ತ್ರಕ್ಕೆ ಒಪ್ಪುವಂಥದ್ದೇ. ಅರ್ಥ್ ಪೂರ್ತಿ ಕೈಕೊಟ್ಟರೆ ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ. ಕ್ಲಚ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ ಬಿಸಿಯಾಗುತ್ತದೆ. ಕೇಬಲ್ ಯಾಕೆ ಬಿಸಿ ಎಂದು ತಲೆ ಕೆರೆದುಕೊಂಡವರು ಅರ್ಥ್ ಪಟ್ಟಿ ನೋಡಿದರೆ ಉತ್ತರ ಸಿಗುತ್ತದೆ.

ಬ್ಯಾಟರಿ ಪರೀಕ್ಷೆಗೆ ಎರಡು ಗೂಟಗಳ ನಡುವೆ ವೈರು ತಾಗಿಸಿ ಕಿಡಿ ನೋಡುವ ಚಾಳಿ ಮಾತ್ರ ಬಿಡಬೇಕು. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಇದ್ದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಸೆಲ್ಫಿನ ಒಳಗಿನ ಕಾರ್ಬನ್ ಬ್ರಷ್, ಬುಷ್ ಸವೆದಿದ್ದರೂ ಇದೇ ಸದ್ದು. ಅದನ್ನು ಬಿಚ್ಚಿ ರಿಪೇರಿ ಮಾಡುವವರು ಬೀದರ್, ಭಾಲ್ಕಿಯಲ್ಲಿ ಬೇಕಾದಷ್ಟಿದ್ದಾರೆ. ಬಿಚ್ಚುವ ಮೊದಲು ಅರ್ಥ್ ಅಳೆದಿರಬೇಕು, ಅಷ್ಟೇ.

ಇಲ್ಲೊಂದು ತೊಡಕಿದೆ, ಇಂಜೆಕ್ಷನ್ ಕಾರು ಹಳೆಯ ಮಿಸ್ತ್ರಿಗಳ ಲೆಕ್ಕ ತಪ್ಪಿಸಿದ್ದು ಇಲ್ಲಿಯೇ. ಕಾರ್ಬ್ಯುರೇಟರ್ ಕಾಲದಲ್ಲಿ ಪೆಟ್ರೋಲಿಗೂ ಬ್ಯಾಟರಿಗೂ ಹೆಚ್ಚು ಸಂಬಂಧವಿರಲಿಲ್ಲ. ಇಂಜಿನ್ ಎಳೆಯುವ ಗಾಳಿಯೇ ಪೆಟ್ರೋಲನ್ನೂ ಎಳೆದುಕೊಳ್ಳುತ್ತಿತ್ತು. ಈಗ ಟ್ಯಾಂಕಿನ ಪಂಪು ವಿದ್ಯುತ್ತಿನದು, ವೋಲ್ಟೇಜ್ ಇಳಿದರೆ ಅದರ ಒತ್ತಡವೂ ಇಳಿಯುತ್ತದೆ. ಇಂಜೆಕ್ಟರ್ ಒಂದು ವಿದ್ಯುತ್ ಕವಾಟ, ವೋಲ್ಟೇಜ್ ಕಡಿಮೆಯಾದಷ್ಟೂ ತೆರೆಯಲು ತಡ. ಇಗ್ನಿಷನ್ ಕಾಯಿಲ್ ಅದೇ ಸಮಯದಲ್ಲಿ ಕಡಿಮೆ ಶಕ್ತಿ ತುಂಬಿಕೊಳ್ಳುತ್ತದೆ. ಹಲವು ಕಾರುಗಳಲ್ಲಿ ಇಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಆಯಸ್ಕಾಂತಕ್ಕೆ ಸುತ್ತಿದ ತಂತಿಯಷ್ಟೇ. ಮುಂದೆ ಹಲ್ಲುಚಕ್ರ ವೇಗವಾಗಿ ಹಾದರೆ ಅದು ಜೋರಾದ ಸಂಕೇತ ಕೊಡುತ್ತದೆ, ನಿಧಾನವಾದರೆ ಸಂಕೇತವೂ ಕ್ಷೀಣ. ಸಂಕೇತ ಸ್ಪಷ್ಟವಾಗದೆ ಕಂಪ್ಯೂಟರ್ ಪೆಟ್ರೋಲೂ ಬಿಡುವುದಿಲ್ಲ, ಕಿಡಿಯನ್ನೂ ಹೊಡೆಸುವುದಿಲ್ಲ. ಹೀಗೆ ಹಸಿರುಗಟ್ಟಿದ ಒಂದು ಅರ್ಥ್ ಪಟ್ಟಿ ಪಂಪು, ಇಂಜೆಕ್ಟರ್, ಕಾಯಿಲ್, ಸೆನ್ಸರ್ ನಾಲ್ಕರ ವೇಷ ಹಾಕಿ ಬರುತ್ತದೆ. ಸೆಲ್ಫ್ ಚುರುಕಾಗಿ ತಿರುಗುವ ತನಕ ಪೆಟ್ರೋಲಿನ ಕಡೆ ಕೈ ಹಾಕುವುದು ದುಡ್ಡು ದಂಡ ಎನ್ನುವುದು ಇದಕ್ಕೇ.

ಇನ್ನು ಎರಡನೆಯ ಸದ್ದು. ಸೆಲ್ಫ್ ಸರಾಗ, ಇಂಜಿನ್ ತಡ. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ 'ಯಾವಾಗ?' ರಾತ್ರಿ ನಿಂತ ಮೇಲೆ ಮಾತ್ರವೋ, ಸಂತೆಗೆ ಹೋಗಿ ಅರ್ಧ ಗಂಟೆ ನಿಲ್ಲಿಸಿದಾಗಲೋ, ಯಾವಾಗಲೂನೋ? ಗ್ಯಾರೇಜಿಗೆ ಓಡಿಸಿಕೊಂಡು ತಂದ ಬಿಸಿ ಕಾರು ಬೆಳಗಿನ ರೋಗವನ್ನು ತೋರಿಸುವುದಿಲ್ಲ. ಬೇಕಿದ್ದರೆ ರಾತ್ರಿ ಅಲ್ಲೇ ಬಿಟ್ಟು ಬರಬೇಕು.

ಚಾವಿಯನ್ನು ಆನ್ ಮಾಡಿ, ಸೆಲ್ಫ್ ಹೊಡೆಯದೆ ಕಿವಿಗೊಟ್ಟರೆ ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡ್ 'ಝುಂಯ್' ಎಂಬ ಸದ್ದು ಬಂದು ನಿಲ್ಲುತ್ತದೆ. ಪಂಪು ಪೈಪಿನಲ್ಲಿ ಒತ್ತಡ ಕಟ್ಟುತ್ತಿದೆ ಎಂದರ್ಥ. ಈ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಬಾರ್. ಇಂಜಿನ್ ನಿಲ್ಲಿಸಿದ ಮೇಲೂ ಅದರಲ್ಲಿ ಬಹುಪಾಲು ಉಳಿಯಬೇಕು, ಅದಕ್ಕೆಂದೇ ಪಂಪಿನಲ್ಲಿ ಒಂದು ಒಮ್ಮುಖ ಕವಾಟ ಇರುತ್ತದೆ. ಬಾವಿಯ ಮೋಟಾರಿನ ಫುಟ್‌ವಾಲ್ ಬಲ್ಲ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫುಟ್‌ವಾಲ್ ಸೋರಿದರೆ ರಾತ್ರಿಯೊಳಗೆ ಪೈಪಿನ ನೀರೆಲ್ಲ ಬಾವಿಗೆ ಇಳಿದು, ಬೆಳಗ್ಗೆ ಕೊಡ ನೀರು ಸುರಿದ ಹೊರತು ಪಂಪು ಎತ್ತುವುದಿಲ್ಲ. ಕಾರಿನಲ್ಲೂ ಕವಾಟ ಸೋರಿದರೆ ಪೆಟ್ರೋಲು ಟ್ಯಾಂಕಿಗೆ ಇಳಿಯುತ್ತದೆ. ಎರಡು ಸೆಕೆಂಡಿನ ಆ ಮೊದಲ ಓಟ ಖಾಲಿ ಪೈಪು ತುಂಬಲು ಸಾಲದೆ, ಸೆಲ್ಫ್ ತಿರುಗುತ್ತಲೇ ಉಳಿದ ಒತ್ತಡ ಕಟ್ಟಬೇಕಾಗುತ್ತದೆ.

ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಬೆಳಗ್ಗೆ ಚಾವಿ ಆನ್ ಮಾಡಿ, ಸದ್ದು ನಿಂತ ಮೇಲೆ ಆಫ್ ಮಾಡಿ, ಮತ್ತೆ ಆನ್. ಹೀಗೆ ಮೂರ್ನಾಲ್ಕು ಬಾರಿ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ತಟ್ಟನೆ ಹಿಡಿದರೆ, ರಾತ್ರಿ ಒತ್ತಡ ಎಲ್ಲಿಗೋ ಹೋಗಿತ್ತು. ಎಲ್ಲಿಗೆ ಎಂಬುದಕ್ಕೆ ಮೂರು ದಾರಿಗಳಿವೆ. ಒಮ್ಮುಖ ಕವಾಟದ ಮೂಲಕ ಟ್ಯಾಂಕಿಗೆ. ಪ್ರೆಷರ್ ರೆಗ್ಯುಲೇಟರಿನ ಮೂಲಕ. ಇಲ್ಲವೇ ಒಸರುವ ಇಂಜೆಕ್ಟರಿನಿಂದ ಇಂಜಿನ್ನಿನೊಳಕ್ಕೆ. ರೆಗ್ಯುಲೇಟರ್ ಬಾನೆಟ್ಟಿನ ಕೆಳಗಿರುವ ಕಾರಾದರೆ ಅದರ ತಲೆಯ ಸಣ್ಣ ರಬ್ಬರ್ ಪೈಪನ್ನು ಕಿತ್ತು ಮೂಸಿ ನೋಡಿ. ಅಲ್ಲಿ ಪೆಟ್ರೋಲಿನ ಹಸಿ ಇದ್ದರೆ ಒಳಗಿನ ಪೊರೆ ಹರಿದಿದೆ. ಇಂಜೆಕ್ಟರ್ ಒಸರುತ್ತಿದ್ದರೆ ಲಕ್ಷಣ ಬೇರೆ: ಇಂಜಿನ್ ಹಿಡಿದ ಕ್ಷಣ ಸೈಲೆನ್ಸರಿನಿಂದ ಒಂದು ಬುಗ್ಗೆ ಕಪ್ಪು ಹೊಗೆ, ಮೂಗಿಗೆ ಬಡಿಯುವ ವಾಸನೆ, ತಿಂಗಳುಗಟ್ಟಲೆ ಹೀಗೇ ನಡೆದರೆ ಡಿಪ್‌ಸ್ಟಿಕ್ಕಿನ ಆಯಿಲಿನಲ್ಲೂ ಪೆಟ್ರೋಲಿನ ವಾಸನೆ. ಇವೆರಡೂ ಇಲ್ಲದಿದ್ದರೆ ಉಳಿಯುವುದು ಟ್ಯಾಂಕಿನ ಕವಾಟ. ಗೇಜ್ ಇರುವ ಗ್ಯಾರೇಜಿನಲ್ಲಿ ಒತ್ತಡ ಎಷ್ಟು ಬೇಗ ಬೀಳುತ್ತದೆಂದು ನೇರ ನೋಡಬಹುದು. ಆದರೆ ಪೈಪ್ ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ತೆಗೆದು ಸೆಲ್ಫ್ ಹೊಡೆದು ಒತ್ತಡ ಇಳಿಸಲೇಬೇಕು. ಮೂರು ಬಾರಿನ ಪೆಟ್ರೋಲು ಬಿಸಿ ಸೈಲೆನ್ಸರಿನ ಮೇಲೆ ಚಿಮ್ಮಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಚಾವಿಯ ಉಪಾಯ ಮಾಡಿದರೂ ಬೆಳಗಿನ ತಡ ತಪ್ಪದಿದ್ದರೆ ಚೋಕ್ ಕೆಲಸ ವಹಿಸಿಕೊಂಡ ಸೆನ್ಸರಿನ ಬಳಿ ಬರಬೇಕು. ರೇಡಿಯೇಟರಿನ ನೀರಿನಲ್ಲಿ ಮುಳುಗಿರುವ ಅದು ಒಂದು ಥರ್ಮಿಸ್ಟರ್. ಬಿಸಿಯಾದಷ್ಟೂ ರೋಧ ಇಳಿಯುತ್ತದೆ. ಲೋಹಗಳ ರೋಧ ಬಿಸಿಗೆ ಏರುವುದೇ ವಾಡಿಕೆ. ಬೆಳ್ಳಿಯ ಸಲ್ಫೈಡ್ ಅದಕ್ಕೆ ಉಲ್ಟಾ ನಡೆಯುವುದನ್ನು 1833ರಲ್ಲಿ ಕಂಡು ಬರೆದಿಟ್ಟವರು ಮೈಕೆಲ್ ಫ್ಯಾರಡೆ. ಅರೆವಾಹಕಗಳ ಗುಣವನ್ನು ಗುರುತಿಸಿದ ಮೊದಲ ದಾಖಲೆಗಳಲ್ಲಿ ಅದೂ ಒಂದು. ಬಹುಪಾಲು ಕಾರುಗಳ ಸೆನ್ಸರ್ 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತದೆ.

ಕಂಪ್ಯೂಟರಿಗೆ ಇಂಜಿನ್ನಿನ ಚಳಿ ಗೊತ್ತಾಗುವುದು ಮುಖ್ಯವಾಗಿ ಈ ಸಂಖ್ಯೆಯಿಂದ. ಗೊತ್ತಾದರೆ ಅದು ಬಿಸಿ ಇಂಜಿನ್ನಿಗೆ ಬಿಡುವುದಕ್ಕಿಂತ ಹಲವು ಪಟ್ಟು ಹೆಚ್ಚು ಪೆಟ್ರೋಲು ಬಿಡುತ್ತದೆ. ಪೆಟ್ರೋಲು ಒಂದೇ ವಸ್ತುವಲ್ಲ, ಸುಮಾರು 35 ಡಿಗ್ರಿಯಿಂದ 200 ಡಿಗ್ರಿಯವರೆಗೆ ಬೇರೆ ಬೇರೆ ಬಿಸಿಯಲ್ಲಿ ಕುದಿಯುವ ಹಲವು ದ್ರವಗಳ ಮಿಶ್ರಣ. ತಣ್ಣನೆಯ ಇಂಜಿನ್ನಿನಲ್ಲಿ ಹಗುರ ಪಾಲು ಮಾತ್ರ ಆವಿಯಾಗಿ ಉರಿಯಲು ಸಿಗುತ್ತದೆ, ಮಿಕ್ಕದ್ದು ಗೋಡೆಗೆ ಅಂಟಿ ಕೂರುತ್ತದೆ. ಆ ಹಗುರ ಪಾಲೇ ಸಾಕಷ್ಟು ಆಗುವಂತೆ ಒಟ್ಟು ಹೆಚ್ಚು ಸುರಿಯಬೇಕು. ಸೆನ್ಸರ್ ಕೆಟ್ಟು 'ಇಂಜಿನ್ ಬಿಸಿ ಇದೆ' ಎಂದು ಸುಳ್ಳು ಹೇಳಿದರೆ ಹೆಚ್ಚಿನ ಪೆಟ್ರೋಲು ಬರುವುದೇ ಇಲ್ಲ. ಕನೆಕ್ಟರಿಗೆ ತುಕ್ಕು ಹಿಡಿದು ರೋಧ ಹೆಚ್ಚಿದರೆ ಉಲ್ಟಾ ಸುಳ್ಳು: ಬಿಸಿ ಇಂಜಿನ್ನನ್ನು ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲು ಸುರಿದು ಪ್ಲಗ್ ತೋಯಿಸುತ್ತದೆ. ಪ್ಲಗ್ ತೊಯ್ದಾಗ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಸೆಲ್ಫ್ ಹೊಡೆದರೆ ಹಲವು ಕಾರುಗಳಲ್ಲಿ ಇಂಜೆಕ್ಟರ್‌ಗಳು ಬಂದ್ ಆಗಿ ಗಾಳಿಯಷ್ಟೇ ಹೋಗುತ್ತದೆ, ಒಳಗೆ ಒಣಗುತ್ತದೆ.

ಸ್ಕ್ಯಾನರ್ ಇದ್ದರೆ ಒಂದು ಸೊಗಸಾದ ಪರೀಕ್ಷೆ ಇದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡುವ ಮುನ್ನ ನೀರಿನ ಉಷ್ಣಾಂಶ, ಒಳಬರುವ ಗಾಳಿಯ ಉಷ್ಣಾಂಶ ಎರಡನ್ನೂ ಓದಿ. ಎರಡೂ ಬಯಲಿನ ಚಳಿಯಷ್ಟೇ ಇರಬೇಕು. ಒಂದು 11, ಇನ್ನೊಂದು 38 ಎಂದರೆ ಸುಳ್ಳುಗಾರ ಸಿಕ್ಕಿಬಿದ್ದ. ಆದರೆ ನಮ್ಮಲ್ಲಿ ಸ್ಕ್ಯಾನರಿಗೆ ಮಾತು ಕೊಡುವ ವ್ಯವಸ್ಥೆ ಹಂತಹಂತವಾಗಿ ಕಡ್ಡಾಯವಾದದ್ದು 2010ರ ನಂತರ. ಅದಕ್ಕೂ ಹಿಂದಿನ ಕೆಲವು ಕಾರುಗಳು ಚೆಕ್ ಇಂಜಿನ್ ದೀಪವನ್ನು ಮಿಣುಕಿಸಿ ಸಂಖ್ಯೆ ಹೇಳುತ್ತವೆ, ಕೆಲವು ಅದನ್ನೂ ಹೇಳುವುದಿಲ್ಲ. ಅಂಥವಕ್ಕೆ ಸೆನ್ಸರಿನ ಪ್ಲಗ್ ಕಿತ್ತು ಓಮ್ ಅಳೆಯುವುದೇ ದಾರಿ. ಇಲ್ಲಿ ಸಾವಿರಾರು ಓಮಿನ ಮಾತು, ಮಲ್ಟಿಮೀಟರ್ ನಂಬಬಹುದು.

ಆಕ್ಸಿಲರೇಟರ್ ಮೇಲೆ ಚೂರು ಕಾಲಿಟ್ಟರೆ ತಕ್ಷಣ ಹಿಡಿಯುತ್ತದೆ, ಕಾಲು ತೆಗೆದರೆ ಆರಿಹೋಗುತ್ತದೆ ಎಂದಾದರೆ ಕೊರತೆ ಗಾಳಿಯದು. ಥ್ರಾಟಲ್ ಮುಚ್ಚಿದಾಗ ಗಾಳಿ ಬಿಡುವ ಪುಟ್ಟ ಐಎಸಿ ಕವಾಟ ಕಟ್ಟಿಕೊಂಡಿದೆ. ಎರೆ ಹೊಲದ ಸಣ್ಣ ಧೂಳು ಫಿಲ್ಟರ್ ದಾಟಿ ಬಂದು, ಇಂಜಿನ್ನಿನ ಆಯಿಲ್ ಆವಿಯೊಂದಿಗೆ ಕಲೆತು ಅಲ್ಲಿ ಕರಿಯ ಜಿಡ್ಡಾಗಿ ಕೂರುತ್ತದೆ. ಕ್ಲೀನರ್ ಸ್ಪ್ರೇ ಸಾಕು, ಬ್ಲೇಡು ಬೇಡ. ಸವೆದ ಪ್ಲಗ್‌ಗಳನ್ನು ಬದಲಿಸುವುದೂ ಇದೇ ಹೊತ್ತಿನ ಕೆಲಸ.

ಈಚೆಗೆ ಎಲ್ಲ ದೂರಿಗೂ ಎಥನಾಲ್ ಕಾರಣವಾಗುತ್ತಿದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಈಗ ಎಲ್ಲೆಡೆ ಅದೇ. ಕಬ್ಬು ಬೆಳೆಯುವ, ಸಕ್ಕರೆ ಕಾರ್ಖಾನೆಗಳಿರುವ ಬೀದರ್ ಜಿಲ್ಲೆಯಲ್ಲಿ ಈ ಚರ್ಚೆಗೆ ಎರಡು ಮಗ್ಗುಲು: ಕಬ್ಬಿನ ಬಿಲ್ಲಿಗಾಗಿ ಕಾಯುವವರೂ ಹಳೆಯ ಕಾರು ಓಡಿಸುವವರೂ ಕೆಲವೊಮ್ಮೆ ಒಬ್ಬರೇ. ಶುದ್ಧ ಎಥನಾಲ್ ಚಳಿಗೆ ನಿಜಕ್ಕೂ ಮೊಂಡ. ಅದು ಕುದಿಯುವುದು 78 ಡಿಗ್ರಿಯಲ್ಲೇ, ಹಗುರ ಪಾಲು ಎಂಬುದು ಅದರಲ್ಲಿಲ್ಲ; ಆವಿಯಾಗಲು ಪೆಟ್ರೋಲಿಗಿಂತ ಎರಡೂವರೆ ಪಟ್ಟು ಶಾಖ ಬೇಕು. ಬ್ರೆಜಿಲ್‌ನ ಎಥನಾಲ್ ಕಾರುಗಳು ಬೆಳಗಿನ ಸ್ಟಾರ್ಟಿಗಷ್ಟೇ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕನ್ನು ಬೇರೆಯಾಗಿ ಹೊತ್ತು ತಿರುಗುತ್ತಿದ್ದವು. ನಮ್ಮ 20 ಪಾಲಿನ ಮಿಶ್ರಣದಲ್ಲಿ ಪೆಟ್ರೋಲಿನ ಹಗುರ ಭಾಗ ಉಳಿದೇ ಇರುತ್ತದೆ, ಆದ್ದರಿಂದ ಹತ್ತು ಡಿಗ್ರಿಯ ಬೆಳಗಿಗೆ ಅದೊಂದೇ ಅಡ್ಡಿಯಾಗದು. ಆದರೆ ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಈ ಮಿಶ್ರಣ ಶೇ 7-8ರಷ್ಟು ಹೆಚ್ಚು ಬೇಕಾಗುತ್ತದೆ. ಬಿಸಿಯಾದ ಮೇಲೆ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಸರಿದೂಗಿಸುತ್ತದೆ. ತಣ್ಣನೆಯ ಮೊದಲ ಕ್ಷಣಗಳಲ್ಲಿ ಅದು 2005ರ ಪೆಟ್ರೋಲನ್ನೇ ನಂಬಿ ಲೆಕ್ಕ ಹಾಕುತ್ತಿರುತ್ತದೆ. ಒತ್ತಡ, ಸೆನ್ಸರ್ ಸರಿ ಇರುವ ಕಾರು ಈ ಕೊರತೆಯನ್ನು ನುಂಗಿಕೊಳ್ಳುತ್ತದೆ, ಮೊದಲೇ ಸೊರಗಿದ ಕಾರು ಎಡವುತ್ತದೆ. ಹಳೆಯ ರಬ್ಬರ್ ಪೈಪು, ಸೀಲುಗಳ ಬಗೆಗಿನ ಆತಂಕ ಬೇರೆಯೇ. ಅದರಲ್ಲಿ ಹುರುಳಿದೆ, ವರ್ಷಕ್ಕೊಮ್ಮೆಯಾದರೂ ಬಗ್ಗಿಸಿ ನೋಡಬೇಕು.

ಕೊನೆಗೆ ಮೇ ತಿಂಗಳ ದೂರು. ಬೀದರಿನಲ್ಲಿ ಮಟಮಟ ಮಧ್ಯಾಹ್ನ ನಿಲ್ಲಿಸಿ ಇಪ್ಪತ್ತು ನಿಮಿಷಕ್ಕೆ ಬಂದರೆ ಕಾರು ಸತಾಯಿಸುತ್ತದೆ. ಎರಡು ನಿಮಿಷಕ್ಕೆ ಬಂದರೆ ಇಲ್ಲ, ಎರಡು ತಾಸು ಬಿಟ್ಟು ಬಂದರೂ ಇಲ್ಲ. ಇಂಜಿನ್ ನಿಂತ ಕೂಡಲೇ ನೀರಿನ ಓಡಾಟ ನಿಲ್ಲುತ್ತದೆ, ಬಾನೆಟ್ಟಿನ ಕೆಳಗಿನ ಬಿಸಿ ಇನ್ನಷ್ಟು ಹೊತ್ತು ಏರುತ್ತಲೇ ಹೋಗುತ್ತದೆ. ಮೂರು ಬಾರಿನ ಒತ್ತಡ ಉಳಿದಿದ್ದರೆ ಪೈಪಿನ ಪೆಟ್ರೋಲು ಆ ಬಿಸಿಗೆ ಕುದಿಯುವುದಿಲ್ಲ. ಒತ್ತಡ ಸೋರಿಹೋಗಿದ್ದರೆ ಹಗುರ ಪಾಲು ಆವಿಯಾಗಿ, ಇಂಜೆಕ್ಟರ್ ಪೆಟ್ರೋಲಿನ ಬದಲು ಗುಳ್ಳೆ ಉಗುಳುತ್ತದೆ. ಅಂದರೆ ಡಿಸೆಂಬರ್ ಬೆಳಗಿನ ದೂರಿಗೂ ಮೇ ಮಧ್ಯಾಹ್ನದ ದೂರಿಗೂ ಮೂಲ ಅದೇ ಒಮ್ಮುಖ ಕವಾಟ ಇರಬಹುದು, ಚಾವಿಯ ಉಪಾಯ ಎರಡಕ್ಕೂ ನಡೆಯುತ್ತದೆ. ಕವಾಟ ಸಾಮಾನ್ಯವಾಗಿ ಬಿಡಿಯಾಗಿ ಸಿಗುವುದಿಲ್ಲ, ಪಂಪಿನ ಜೊತೆಗೇ ಬರುತ್ತದೆ. ಹೊಸ ಪಂಪು ಹಾಕಿದ ಮೇಲೂ ಬಿಸಿಯ ದೂರು ಉಳಿದರೆ, ಇಂಜಿನ್ ಪೂರ್ತಿ ತಣಿಸಿ, ಇಂಜೆಕ್ಟರ್‌ಗಳನ್ನು ರೇಲ್ ಸಮೇತ ಮೇಲೆತ್ತಿ, ಕೆಳಗೆ ಒಣ ಕಾಗದ ಹಾಸಿ ಚಾವಿ ಆನ್ ಮಾಡಿ ನೋಡಬೇಕು. ನಿಮಿಷಕ್ಕೆ ಒಂದು ಹನಿಗಿಂತ ಕಡಿಮೆಯಾದರೆ ಸರಿ ಎನ್ನುತ್ತವೆ ಹಲವು ಸರ್ವಿಸ್ ಕೈಪಿಡಿಗಳು. ಅದಕ್ಕಿಂತ ಹೆಚ್ಚು ಒಸರಿದ್ದನ್ನು ತೊಳೆಸಬೇಕು ಇಲ್ಲವೇ ಬದಲಿಸಬೇಕು.